ಕೇಸು ಒಂದು ಕಡೆ, ಕ್ಯಾರಿಯರ್ ಒಂದು ಕಡೆ

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ. ನಿಜವಾದ ಕೆಲಸ ಪಹಣಿ ತೆಗೆದುಕೊಡುವುದು, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು, ಏನೇನು ಕಾಗದ ಬೇಕು ಅಂತ ಹೇಳುವುದು. ಎಷ್ಟೋ ಮನೆಗಳ ವಂಶವೃಕ್ಷ ನನ್ನ ಕೈಯಲ್ಲಿ ಹಾದು ಹೋಗುತ್ತದೆ. ಯಾರಿಗೆ ಎಷ್ಟು ಮಕ್ಕಳು, ಯಾರು ತೀರಿಕೊಂಡರು, ಯಾರ ಹೆಸರು ಬಿಟ್ಟುಹೋಗಿದೆ, ಎಲ್ಲ ಗೊತ್ತಾಗುತ್ತದೆ. ಬಿಟ್ಟುಹೋದ ಹೆಸರು ಕಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ನಮ್ಮ ತಾತನ ವಂಶವೃಕ್ಷದಲ್ಲಿ ನಮ್ಮಪ್ಪನ ಹೆಸರು ಇರಲಿಲ್ಲ.

ನಮ್ಮೂರು ಮಂಡ್ಯದಿಂದ 18 ಕಿಲೋಮೀಟರ್. ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಬಯಲು. ತಾತನ ಹೆಸರಲ್ಲಿ 2 ಎಕರೆ 16 ಗುಂಟೆ ಗದ್ದೆ. ಮಕ್ಕಳು ಮೂವರು: ಅಪ್ಪ, ಅತ್ತೆ, ಚಿಕ್ಕಪ್ಪ. ಅಪ್ಪ ಮೈಸೂರಲ್ಲಿ ಕೆಲಸಕ್ಕೆ ಹೋಗಿ ಅಲ್ಲೇ ಇದ್ದರು, 2008ರಲ್ಲಿ ತೀರಿಕೊಂಡರು. ತಾತ ಹೋಗಿದ್ದು 2011ರಲ್ಲಿ. ಅದಾದ ಮೇಲೆ ಚಿಕ್ಕಪ್ಪ ತಾನೊಬ್ಬನೇ ಮಗ ಅಂತ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಹಾಕಿದ. ತಕರಾರಿಗೆ ಆಗ 30 ದಿನ ಕೊಡುತ್ತಿದ್ದರು. ನಾವು ಮೈಸೂರಲ್ಲಿ, ನೋಟಿಸ್ ಊರಲ್ಲಿ. ಸಾಕ್ಷಿ ಹಾಕಿದ ಇಬ್ಬರೂ ನಮ್ಮಪ್ಪನ ಜೊತೆ ಗೋಲಿ ಆಡಿದವರು.

ನನಗೆ ಗೊತ್ತಾಗಿದ್ದು 2016ರಲ್ಲಿ. ಅಮ್ಮನೂ ನಾನೂ ಮಂಡ್ಯಕ್ಕೆ ಬಂದು ಅಂಗಡಿ ಹಾಕಿದ ಹೊಸತು. ಗಿರಾಕಿ ಇರಲಿಲ್ಲ. ಸುಮ್ನೆ ನಮ್ಮ ಸರ್ವೆ ನಂಬರ್ ಹಾಕಿ ನೋಡಿದೆ. ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಚಿಕ್ಕಪ್ಪ ಒಬ್ಬನೇ. ಅಂಗಡಿಯ ಮೊದಲ ಪ್ರಿಂಟು ಅದೇ.

ಪಾಲು ದಾವೆ ಹಾಕಿದೆವು. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅಮ್ಮನ ಹೆಸರಲ್ಲಿ ಅರ್ಜಿ ಹಾಕಿದ್ದರಿಂದ ಒಬ್ಬರು ಸಿಕ್ಕಿದರು. ಚಿಕ್ಕಪ್ಪನ ಕಡೆಯ ಉತ್ತರ ಏನಪ್ಪಾ ಅಂದರೆ, ಅಣ್ಣ ಬದುಕಿದ್ದಾಗಲೇ ದುಡ್ಡಿನ ರೂಪದಲ್ಲಿ ಪಾಲು ತಗೊಂಡು ಹೋಗಿದ್ದ, ಬಾಯಿ ಮಾತಲ್ಲಿ ವಿಭಾಗ ಆಗಿತ್ತು ಅಂತ. ಮರುವರ್ಷ ನಾವು ಹಠಕ್ಕೆ ಬಿದ್ದು ಒಂದು ತಾಕಿಗೆ ರಾಗಿ ಹಾಕಿದೆವು. ಕಟ್ಟು ನೀರಿನ ಸರದಿ ಬಂದ ರಾತ್ರಿ ಚಿಕ್ಕಪ್ಪ ತೂಬಿನ ಬಾಯಿಗೆ ಮಣ್ಣು ಮೆತ್ತಿ ನೀರು ತನ್ನ ಕಬ್ಬಿಗೆ ತಿರುಗಿಸಿಕೊಂಡ. ರಾಗಿ ಮೊಳಕಾಲು ಎತ್ತರಕ್ಕೆ ಬಂದು ಒಣಗಿತು. ಅಮ್ಮ ಬದುವಿನ ಮೇಲೆ ಕೂತು ಒಂದು ಪೈರು ಕಿತ್ತು ಬೇರು ನೋಡುತ್ತಿದ್ದಳು. ಆಸ್ತಿ ಹೋಗಿದ್ದಕ್ಕಿಂತ ಆ ನೋಟ ನನ್ನನ್ನು ಜಾಸ್ತಿ ಸುಟ್ಟಿತು.

ಇಷ್ಟು ಹಿನ್ನೆಲೆ ಸಾಕು. ಕೋರ್ಟಿನ ವಾಯ್ದೆಗಳ ಕಥೆ ಎಲ್ಲರ ಮನೆಯಲ್ಲೂ ಒಂದೇ.

2021ರಲ್ಲಿ ಒಂದು ಮಧ್ಯಾಹ್ನ ಚಿಕ್ಕಮ್ಮ ಅಂಗಡಿ ಮುಂದೆ ನಿಂತಿದ್ದಳು. ಒಳಗೆ ಬರಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಆಧಾರ್, ರೇಷನ್ ಕಾರ್ಡ್, ಡಾಕ್ಟರ ಚೀಟಿ. ಸಕ್ಕರೆ ಕಾಯಿಲೆಯಿಂದ ಚಿಕ್ಕಪ್ಪನ ಎರಡೂ ಕಿಡ್ನಿ ಹೋಗಿದೆ, ವಾರಕ್ಕೆ ಎರಡು ಸಲ ಡಯಾಲಿಸಿಸ್, ಬಿಪಿಎಲ್ ಕಾರ್ಡಿನ ಮೇಲೆ ಫ್ರೀ ಆಗುತ್ತದಂತೆ, ಅದಕ್ಕೆ ಜೆರಾಕ್ಸ್ ಬೇಕು. ಬೇರೆ ಅಂಗಡಿಗಳಲ್ಲಿ ಕರೆಂಟ್ ಇರಲಿಲ್ಲವಂತೆ. ನನ್ನಲ್ಲಿ ಯುಪಿಎಸ್ ಇತ್ತು. ಅಷ್ಟೇ ಕಾರಣ.

6 ಪ್ರತಿ ತೆಗೆದುಕೊಟ್ಟೆ. ಅವಳು ಸೆರಗಿನ ಗಂಟು ಬಿಚ್ಚಿ 12 ರೂಪಾಯಿ ಕೊಟ್ಟಳು. ನಾನು ತಗೊಂಡೆ.

ಆ ರಾತ್ರಿ ಅಮ್ಮನಿಗೆ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಿ, "ಈಸ್ಕಂಡಾ?" ಅಂದಳು. ಬೇರೆ ಏನೂ ಹೇಳಲಿಲ್ಲ. ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಬಸವಣ್ಣನ ಕಥೆ ತೆಗೆದಳು. ಹಟ್ಟಿಯಿಂದ ಹಸು ಹೊಡೆದುಕೊಂಡು ಹೋದ ಕಳ್ಳರಿಗೆ, ತಾಯಿ ಇಲ್ಲದೆ ಕರುಗಳು ಅಳುತ್ತವೆ ಅಂತ ಕರುಗಳನ್ನೂ ಕಳಿಸಿಕೊಟ್ಟನಂತಲ್ಲ, ಆ ಕಥೆ. ನನಗೆ ಸಿಟ್ಟು ಬಂತು. "ಹಂಗಾದ್ರೆ ಕೇಸ್ ವಾಪಸ್ ತಗೊಳ್ಳಾ? ಮಿಕ್ಕಿದ್ದನ್ನೂ ಕೊಟ್ಟುಬಿಡಾಣ್ವಾ?" ಅಂದೆ.

"ಯಾರ್ಲಾ ಅಂದ್ರು? ಅವನು ಬಸವಣ್ಣ, ಕೊಟ್ಟ. ನಾವು ಕೊಡಕ್ಕಾಗಲ್ಲ. ಹಸ ಬುಡಬ್ಯಾಡ, ಕೇಸು ನಡ್ಸು. ಆದ್ರೆ ಉಸಾರಿಲ್ದೋನ್ಗೆ ಒಂದ್ ಲೋಟ ಹಾಲು ಕೊಡಕ್ಕೇನು ದಾಡಿ?"

ಅಮ್ಮ ಹೇಳಿದ್ದು ಇಷ್ಟು. ಮುಂದಿನ ಎರಡು ವರ್ಷ ನಾನು ಮಾಡಿದ್ದೂ ಇಷ್ಟೇ. ಆದರೆ ಮಾಡುವುದು ಸಲೀಸಾಗಿರಲಿಲ್ಲ.

ಚಿಕ್ಕಪ್ಪನ ಮಗ ಬೆಂಗಳೂರಲ್ಲಿ. ವಾರಕ್ಕೆರಡು ದಿನ ರಜೆ ಯಾರು ಕೊಡುತ್ತಾರೆ? ಬೆಳಿಗ್ಗೆ ಹೇಗೋ ಗಂಡ ಹೆಂಡತಿ ಬಸ್ಸಲ್ಲಿ ಬರುತ್ತಿದ್ದರು. ನಾಲ್ಕು ಗಂಟೆ ಮೆಷಿನ್ನಿಗೆ ಹಾಕಿ ಬಿಟ್ಟ ಮೇಲೆ ಮನುಷ್ಯ ಹಿಂಡಿದ ಬಟ್ಟೆ ಆಗಿರುತ್ತಾನೆ. ಒಂದು ಸಲ ಬಸ್ ಸ್ಟಾಂಡಿನಲ್ಲಿ ಬಿದ್ದನಂತೆ. ನನ್ನ ಹತ್ತಿರ ಒಂದು ಹಳೇ ಓಮ್ನಿ ಇತ್ತು. ಮಂಗಳವಾರ, ಶುಕ್ರವಾರ ವಾಪಸ್ ಬಿಟ್ಟುಬರುತ್ತೇನೆ ಅಂತ ಚಿಕ್ಕಮ್ಮನಿಗೆ ಫೋನಲ್ಲಿ ಹೇಳಿದೆ. ಆ ಕಡೆ ತುಂಬ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯಿತು ಅಂದುಕೊಂಡೆ.

ಮೊದಲು ವಕೀಲರನ್ನು ಕೇಳಿದೆ, ಇದರಿಂದ ಕೇಸಿಗೆ ತೊಂದರೆ ಆಗುತ್ತದಾ ಅಂತ. ಅವರು ಕನ್ನಡಕದ ಮೇಲಿಂದ ನೋಡಿ, "ಗಾಡಿಯಲ್ಲಿ ಕೂರಿಸಿಕೊಂಡು ಹೋದರೆ ಹಕ್ಕು ಹೋಗಲ್ಲ ಕಣ್ರೀ. ಯಾವ ಕಾಗದಕ್ಕೂ ಸಹಿ ಮಾತ್ರ ಹಾಕಬೇಡಿ" ಅಂದರು. ಮೊದಲ ದಿನವೇ ಸಹಿ ಹಾಕಬೇಕಾಯಿತು. ಆಸ್ಪತ್ರೆಯ ಫಾರಂ. ಜೊತೆಯಲ್ಲಿ ಬಂದವರ ಹೆಸರು, ರೋಗಿಗೆ ಏನಾಗಬೇಕು. ಪೆನ್ನು ಹಿಡಿದು ನಿಂತೆ. 'ಅಣ್ಣನ ಮಗ' ಅಂತ ಬರೆದೆ. ಅದರ ಕೆಳಗೆ ಚಿಕ್ಕಪ್ಪನ ಸಹಿ. ನರ್ಸ್ ತಲೆ ಎತ್ತದೆ, "ಮಗ ಅಂದ್ರೆ ಸಾಕಾಗಿತ್ತು" ಅಂದರು.

ನನ್ನ ತಲೆ ಆಗ ಏನು ಯೋಚನೆ ಮಾಡುತ್ತಿತ್ತು ಗೊತ್ತಾ? ವಂಶವೃಕ್ಷದಲ್ಲಿ ಬರೆಸದ ಸಂಬಂಧಕ್ಕೆ ಇಲ್ಲಿ ಸಹಿ ಹಾಕಿದ್ದಾನೆ, ಇದರ ಒಂದು ಜೆರಾಕ್ಸ್ ಇಟ್ಟುಕೊಳ್ಳಬೇಕು. ಇಟ್ಟುಕೊಂಡೆ ಕೂಡ. ವಕೀಲರಿಗೆ ತೋರಿಸಿದರೆ ನಕ್ಕರು. "ಅವರು ಸಂಬಂಧ ಇಲ್ಲ ಅಂತ ಕೋರ್ಟಲ್ಲಿ ಹೇಳೇ ಇಲ್ಲವಲ್ಲ, ಪಾಲು ಕೊಟ್ಟಾಗಿದೆ ಅಂತಿದ್ದಾರೆ. ಇದನ್ನ ತಗೊಂಡು ನಾನೇನು ಮಾಡಲಿ?" ಆ ಪ್ರತಿ ಇನ್ನೂ ಅಂಗಡಿಯ ಡ್ರಾಯರಿನಲ್ಲಿದೆ.

ಮೊದಲ ತಿಂಗಳು ಗಾಡಿಯಲ್ಲಿ ಮಾತಿಲ್ಲ. 18 ಕಿಲೋಮೀಟರ್, ಪಕ್ಕದಲ್ಲಿ ನಾಲೆ, ಹಿಂದೆ ಚಿಕ್ಕಮ್ಮ, ಮುಂದೆ ನಾನೂ ಅವನೂ. ನಮ್ಮ ಗದ್ದೆಗೆ ನೀರು ಬರುವ ತೂಬು ಬಂದಾಗ ಅವನು ಮುಖ ಆ ಕಡೆ ತಿರುಗಿಸುತ್ತಿದ್ದ. ನಾನು ಬೇಕಂತಲೇ ಅಲ್ಲಿ ಗಾಡಿ ನಿಧಾನ ಮಾಡುತ್ತಿದ್ದೆ.

ಇನ್ನೊಂದು ವಿಷಯ ಹೇಳಲೇಬೇಕು. ಡಯಾಲಿಸಿಸ್ ಆಗುವವರು ನೀರು ಅಳೆದು ಕುಡಿಯಬೇಕು. ಕಿಡ್ನಿ ಹೊರಗೆ ಹಾಕುವುದಿಲ್ಲ, ಕುಡಿದಿದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಹೋದ ಕೂಡಲೇ ತೂಕ ನೋಡುತ್ತಾರೆ. ಎರಡೂವರೆ ಕೆಜಿ ಜಾಸ್ತಿ ಬಂದರೆ ಎಲ್ಲರ ಮುಂದೆ ಬೈಗುಳ. ನಾಲೆ ಬಯಲಿನ ರೈತ, ಬಾಯಾರಿಕೆಗೆ ಲೋಟ ಎತ್ತಿದರೆ ಹೆಂಡತಿ ಕೈ ಹಿಡಿಯುತ್ತಾಳೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಖುಷಿಯಾಯಿತು. ನಮ್ಮ ರಾಗಿಗೆ ನೀರು ತಡೆದವನಿಗೆ ಈಗ ನೀರು ತಡೆದಿದ್ದಾರೆ. ಆ ಖುಷಿ ಒಂದು ದಿನದ್ದಲ್ಲ, ಮೂರು ವಾರ ಇತ್ತು. ಹೊರಗೆ ಗಾಡಿ ಓಡಿಸುವ ಸಜ್ಜನ, ಒಳಗೆ ಇದು. ಒಳಗಿನದು ಶುದ್ಧ ಆಗಲಿ, ಆಮೇಲೆ ಹೋಗೋಣ ಅಂತ ಕಾದಿದ್ದರೆ ಇವತ್ತಿಗೂ ಕಾಯುತ್ತಾ ಇರುತ್ತಿದ್ದೆ.

ಅದು ಕರಗಿದ್ದು ಒಂದು ಎಳನೀರು ಗಾಡಿಯ ಮುಂದೆ. ಬೇಸಿಗೆ. ರಸ್ತೆ ಬದಿಯಲ್ಲಿ ಮದ್ದೂರಿನ ಎಳನೀರು ಗುಡ್ಡೆ ಹಾಕಿದ್ದರು. ಗಾಡಿಯವನು ಚಿಕ್ಕಪ್ಪನನ್ನು ನೋಡಿ, "ಬಾಣ್ಣೋ, ನೀರಾ ಗಂಜಿನಾ?" ಅಂದ. ಚಿಕ್ಕಪ್ಪನ ತೋಟದಲ್ಲೇ ನಲವತ್ತು ತೆಂಗಿನ ಮರ ಇವೆ. ಆ ಗುಡ್ಡೆಯ ಮೇಲೆ ಕೈ ಇಟ್ಟು, ಒಂದು ಕಾಯಿ ತಿರುಗಿಸಿ ನೋಡಿ, "ಬ್ಯಾಡ ಕಣಪ್ಪ, ನೆಗಡಿ" ಅಂದ. ಆ ಸುಳ್ಳು ನನಗೆ ಎಲ್ಲೋ ತಾಗಿತು. ಓಮ್ನಿ ಹತ್ತಿದ ಮೇಲೆ ಕೇಳಿದ, "ಒಂದ್ ಗುಟುಕು ಕುಡುದ್ರೆ ಏನಾಯ್ತದ್ಲಾ?"

ನಮ್ಮಿಬ್ಬರ ಮಧ್ಯೆ ಐದು ವರ್ಷದ ಮೇಲೆ ಬಂದ ಮೊದಲ ಮಾತು ಅದು. ನರ್ಸ್ ಹೇಳಿದ್ದನ್ನೇ ಹೇಳಿದೆ. ಎಳನೀರಲ್ಲಿ ಪೊಟ್ಯಾಷಿಯಂ ಜಾಸ್ತಿ, ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ರಕ್ತದಲ್ಲಿ ಏರಿದರೆ ಹೃದಯ ನಿಂತುಹೋಗಬಹುದು. ಬಾಳೆಹಣ್ಣೂ ಅಷ್ಟೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೊಪ್ಪಿನಲ್ಲೂ ಅದೇ ಅಂತಲ್ಲಪ್ಪ. ಇನ್ನೇನ್ ಮಣ್ಣು ತಿನ್ನಾನಾ?" ಅಂದ.

ಇದನ್ನು ಮನೆಯಲ್ಲಿ ಹೇಳಿದೆ. ಅಮ್ಮ ಆಸ್ಪತ್ರೆಗೆ ಬಂದು ಊಟದ ವಿಷಯ ಹೇಳುವವರನ್ನೇ ನೇರ ಕೇಳಿದಳು. ಸೊಪ್ಪು, ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿಬಿಡಿ. ಪೊಟ್ಯಾಷಿಯಂ ಎಷ್ಟೋ ನೀರಿನ ಜೊತೆ ಹೋಗುತ್ತದೆ, ಉಪ್ಪು ಕಮ್ಮಿ ಹಾಕಿ, ಪಲ್ಯ ಒಂದು ಅಳತೆಯಲ್ಲಿ ಕೊಡಬಹುದು ಅಂದರು. ಅಮ್ಮ ನನ್ನ ಮುಖ ನೋಡಿದಳು. ಬೇಯಿಸಿ ಬಸಿದ ಆ ನೀರಲ್ಲೇ ಅಲ್ವಾ ನಾವು ಬಸ್ಸಾರು ಮಾಡುವುದು? ಮಂಡ್ಯದ ಮುದ್ದೆಗೆ ಅದಕ್ಕಿಂತ ಬೇಕಾ? ಈ ಮನುಷ್ಯನಿಗೆ ಅದೇ ವಿಷ.

ಅವತ್ತಿನಿಂದ ವಾರಕ್ಕೆರಡು ದಿನ ನಮ್ಮ ಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಅಮ್ಮ ಸೊಪ್ಪು ಬೇಯಿಸಿ ಜರಡಿಗೆ ಸುರಿಯುತ್ತಿದ್ದಳು. ಮೇಲೆ ಉಳಿದ ಸೊಪ್ಪನ್ನು ಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಚಿಕ್ಕಪ್ಪನ ಕ್ಯಾರಿಯರಿಗೆ. ಕೆಳಗೆ ಇಳಿದ ಹಸಿರು ನೀರಿಗೆ ಖಾರ ರುಬ್ಬಿ ಹಾಕಿದರೆ ನಮಗೆ ಬಸ್ಸಾರು. ಪಲ್ಯ ಇಲ್ಲದ ಬಸ್ಸಾರು ನನಗೆ ಸಪ್ಪೆ ಅನ್ನಿಸುತ್ತಿತ್ತು. ಗೊಣಗಿದರೆ ಅಮ್ಮ, "ಪಾಲು ಕಣ್ಲಾ, ಉಣ್ಣು" ಅನ್ನುತ್ತಿದ್ದಳು.

ಕೇಸು ನಡೆಯುತ್ತಲೇ ಇತ್ತು. ಒಂದು ಬುಧವಾರ ವಾಯ್ದೆ. ಒಳಗೆ ಎದುರು ಬದುರು ನಿಂತು, ಹೊರಗೆ ಬಂದು ಇಬ್ಬರೂ ಒಂದೇ ಓಮ್ನಿ ಹತ್ತಿದೆವು. ಅವನ ಕಡೆಯ ವಕೀಲರು ಬಾಯಿ ಬಿಟ್ಟುಕೊಂಡು ನೋಡಿದರು. ಊರಲ್ಲಿ ಬೇರೆ ಮಾತು ಹುಟ್ಟಿತ್ತು: ಮುದುಕನಿಗೆ ಸೇವೆ ಮಾಡಿ ಗದ್ದೆ ಬರೆಸಿಕೊಳ್ಳೋ ಪ್ಲಾನು. ಕೇಳಿ ಉರಿಯಿತು. ಆದರೆ ರಾತ್ರಿ ಒಬ್ಬನೇ ಇದ್ದಾಗ, ಅದು ಪೂರ್ತಿ ಸುಳ್ಳಾ ಅಂತ ನನಗೇ ಅನುಮಾನ. ಕೊನೆಗೆ ಒಂದು ನಿಯಮ ಮಾಡಿಕೊಂಡೆ. ಗಾಡಿಯಲ್ಲಿ ಗದ್ದೆ ಮಾತು ನಾನಾಗಿ ಎತ್ತುವುದಿಲ್ಲ. ಅವನು ಎತ್ತಿದರೆ ನೆಟ್ಟಗೆ ಉತ್ತರ ಕೊಡುತ್ತೇನೆ.

ಎತ್ತಿದ. ನಾಲ್ಕನೇ ತಿಂಗಳೋ ಐದನೆಯದೋ. "ಕೇಸ್ ವಾಪಸ್ ತಗೊಂಬುಡ್ಲಾ. ಇಷ್ಟೆಲ್ಲಾ ಮಾಡ್ತಿದ್ದೀಯೆ."

"ಆಗಲ್ಲ ಚಿಕ್ಕಪ್ಪ. ಅದು ಅಪ್ಪಂದು" ಅಂದೆ. ಮನೆ ಬಂತು. ಕೈ ಹಿಡಿದು ಇಳಿಸಿ, "ಶುಕ್ರವಾರ ಹನ್ನೊಂದಕ್ಕೆ ಆಸ್ಪತ್ರೆಗೆ ಬತ್ತೀನಿ" ಅಂದೆ. ಈ ಎರಡು ಮಾತು ಒಂದರ ಹಿಂದೆ ಒಂದು ನನ್ನ ಬಾಯಿಂದ ಬಂದಿದ್ದು ನನಗೇ ಆಶ್ಚರ್ಯ.

ಎಲ್ಲ ದಿನವೂ ಹೀಗಿರಲಿಲ್ಲ. ಒಮ್ಮೆ ಮೆಷಿನ್ನಿಗೆ ಹಾಕಿಕೊಂಡು ಮಲಗಿದ್ದಾಗ ಶುರು ಮಾಡಿದ. ನಿಮ್ಮಪ್ಪ ಮೈಸೂರಲ್ಲಿ ತಿಂಗಳಾ ಸಂಬಳ ಎಣಿಸುತ್ತಿದ್ದ. ನಿಮ್ಮ ತಾತನಿಗೆ ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಳಿದಿದ್ದು ನಾನು, ಸೊಸೈಟಿ ಸಾಲ ಕಟ್ಟಿದ್ದು ನಾನು. ವರ್ಷಕ್ಕೊಂದು ಸಲ ಹಬ್ಬಕ್ಕೆ ಬಂದು ಅಕ್ಕಿ ಮೂಟೆ ಹೊತ್ಕೊಂಡು ಹೋಗ್ತಿದ್ದೋರು ನೀವು. ಪಕ್ಕದ ಹಾಸಿಗೆಯವರೆಲ್ಲ ಕೇಳಿಸಿಕೊಂಡರು. ನಾನು ಎದ್ದು ಹೋದೆ. ಮುಂದಿನ ಎರಡು ಸಲ ಹೋಗಲಿಲ್ಲ. ಆಟೋಗೆ ದುಡ್ಡು ಕೊಟ್ಟು ಕಳಿಸಿದೆ. ಕ್ಯಾರಿಯರ್ ಮಾತ್ರ ಅಮ್ಮ ತಾನೇ ತಗೊಂಡು ಹೋದಳು.

ಅವನು ಹೇಳಿದ್ದರಲ್ಲಿ ಮುಕ್ಕಾಲು ನಿಜ. ಅದೇ ಕಷ್ಟ. ತಾತನ ಹಾಸಿಗೆ ನನಗೆ ನೆನಪಿದೆ, ಆ ವಾಸನೆಗೆ ನಾನು ಒಳಗೆ ಹೋಗುತ್ತಿರಲಿಲ್ಲ. ಆದರೆ ಬಳಿದಿದ್ದಕ್ಕೆ ಪ್ರತಿಯಾಗಿ ಅಪ್ಪನ ಹೆಸರು ಅಳಿಸಿದ್ದು ಸರಿಯಾಗುತ್ತದಾ? ಸಾಲದ ಲೆಕ್ಕ ಇಟ್ಟು ಕೇಳಿದ್ದರೆ ಅಮ್ಮ ಇಲ್ಲ ಅನ್ನುತ್ತಿರಲಿಲ್ಲ. ತಪ್ಪಿಗೆ ಕಾರಣ ಇತ್ತು ಅಂತ ಗೊತ್ತಾದ ಮೇಲೂ ತಪ್ಪು ತಪ್ಪಾಗಿಯೇ ಉಳಿಯಿತು. ಕೋಪ ಮಾತ್ರ ಸ್ವಲ್ಪ ಜಾಗ ಬದಲಾಯಿಸಿತು.

ಮೂರನೇ ಸಲ ಹೋದೆ. ಮೆಷಿನ್ನಿಗೆ ಹಾಕಿ ಮೂರು ಗಂಟೆ ಆಗಿರಬಹುದು, ಅವನ ಕಾಲು ಸೆಟೆದುಕೊಂಡಿತು. ಮೆಷಿನ್ ನೀರು ಎಳೆಯುವಾಗ ಕೆಲವರಿಗೆ ಬಿಪಿ ಇಳಿದು ಹೀಗಾಗುತ್ತದೆ. ಮೀನಖಂಡ ಕಲ್ಲಾಗಿತ್ತು. ಎಡಗೈಯಲ್ಲಿ, ಡಯಾಲಿಸಿಸ್‌ಗೆ ಅಂತ ಜೋಡಿಸಿದ ರಕ್ತನಾಳಕ್ಕೆ (ಫಿಸ್ಟುಲಾ) ಚುಚ್ಚಿದ ಸೂಜಿ, ಆ ಕೈ ಅಲ್ಲಾಡಿಸುವ ಹಾಗಿಲ್ಲ. ಬಲಗೈ ಗಾಳಿಯಲ್ಲಿ ಹುಡುಕುತ್ತಿತ್ತು. "ಅಣ್ಣಾ... ಅಣ್ಣಾ..." ಅಂದ. ವಾರ್ಡಿನಲ್ಲಿದ್ದ ಬ್ರದರನ್ನೂ ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಅವರನ್ನೇ ಕರೆದಿರಬೇಕು. ಅವರು ಓಡಿ ಬಂದು ಮೆಷಿನ್ ಸರಿಮಾಡಿದರು, ನನಗೆ ಪಾದ ಮೇಲಕ್ಕೆ ಬಗ್ಗಿಸಿ ಹಿಡಿಯಲು ಹೇಳಿದರು. ಹಿಡಿದೆ. ಅದು ನಮ್ಮಪ್ಪನ ಪಾದವೇ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ, ಹಿಮ್ಮಡಿಯಲ್ಲಿ ಅದೇ ಬಿರುಕು. ಸ್ನಾಯು ಸಡಿಲ ಆಗಲು ಏಳೆಂಟು ನಿಮಿಷ ಬೇಕಾಯಿತು. ಯಾರನ್ನು ಕರೆದೆ ಅಂತ ನಾನು ಕೇಳಲಿಲ್ಲ.

2023ರಲ್ಲಿ ಲೋಕ ಅದಾಲತ್ ಮಾತು ಬಂದಿದ್ದು ಅವನ ಕಡೆಯಿಂದ. ನನಗೆ ಅದರ ವಿಷಯ ಗೊತ್ತಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್. ಅಪೀಲು ಇಲ್ಲ ಅನ್ನುವುದೇ ನನಗೆ ಮುಖ್ಯವಾಗಿತ್ತು. ಪ್ರೀತಿ ವಿಶ್ವಾಸ ಇರಲಿ, ಕಾಗದ ಗಟ್ಟಿ ಇರಬೇಕು. ಅಂಗಡಿಯಲ್ಲಿ ಕೂತು ಕಲಿತ ಬುದ್ಧಿ.

ಶನಿವಾರ. ಹಿಂದಿನ ದಿನ ಡಯಾಲಿಸಿಸ್ ಆಗಿದ್ದರಿಂದ ಅವನು ಸ್ವಲ್ಪ ಹಗುರಾಗಿದ್ದ. ಅತ್ತೆಯೂ ಬಂದಿದ್ದಳು. ಅವಳಿಗೂ ಸಮಪಾಲು ಅಂದಾಗ ಚಿಕ್ಕಪ್ಪ ಸ್ವಲ್ಪ ಮುಖ ಗಂಟು ಹಾಕಿದ, ಆದರೆ ಬಾಯಿ ಬಿಡಲಿಲ್ಲ. 96 ಗುಂಟೆ, ತಲಾ 32. ಯಾವ ಕಡೆಯದು ಯಾರಿಗೆ ಅನ್ನುವ ಮಾತು ಬಂತು. ನಾಲೆ ಬದಿಯ ಗದ್ದೆಗೆ ನೀರು ಮೊದಲು, ಕೊನೆಯದಕ್ಕೆ ಉಳಿದರೆ ಉಂಟು. ಎಲ್ಲರಿಗೂ ಬೇಕಾದ ತಾಕು ಅದು. ಚಿಕ್ಕಪ್ಪ ನ್ಯಾಯಾಧೀಶರ ಮೇಜಿನ ಅಂಚು ಹಿಡಿದುಕೊಂಡು, ನನ್ನ ಕಡೆ ನೋಡದೆ, "ತೂಬಿನ ಕಡೇದು ಅತ್ತಿಗೇಗಿರ್ಲಿ" ಅಂದ.

ತಪ್ಪಾಯಿತು ಅನ್ನುವ ಮಾತು ಅವನ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ. ಅಮ್ಮ ಹೆಬ್ಬೆಟ್ಟು ಒತ್ತುವವಳಲ್ಲ, ನಿಧಾನವಾಗಿ ಪೂರ್ತಿ ಹೆಸರು ಬರೆಯುತ್ತಾಳೆ. ಅವತ್ತು ಹೆಸರಿನ ಮುಂದೆ ನಮ್ಮಪ್ಪನ ಹೆಸರನ್ನೂ ಸೇರಿಸಿ, ಇಂಥವರ ಹೆಂಡತಿ ಅಂತ ಬರೆದಳು. ಯಾರೂ ಕೇಳಿರಲಿಲ್ಲ. ಬರೆಯುವವರೆಗೂ ಎಲ್ಲರೂ ಕಾದರು.

ಆಮೇಲೆ ಸರ್ವೆ, ಪಾಲು ತೋರಿಸುವ 11ಇ ನಕ್ಷೆ, ಖಾತೆ ಬದಲಾವಣೆ ಅಂತ ತಿಂಗಳುಗಟ್ಟಲೆ ಓಡಾಟ. ಅಮ್ಮನ ಹೆಸರಿನ ಪಹಣಿಯನ್ನು ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದೆ. ಅದು ಸೋಮವಾರ. ಮರುದಿನ ಮಂಗಳವಾರ, ಹನ್ನೊಂದಕ್ಕೆ ಆಸ್ಪತ್ರೆ.

ಅವತ್ತು ಅಮ್ಮ ಕ್ಯಾರಿಯರಿನ ಜೊತೆ ಒಂದು ಸಣ್ಣ ಡಬ್ಬಿ ಕೊಟ್ಟಿದ್ದಳು. ಹೋದ ವಾರ ಚಿಕ್ಕಪ್ಪ ಅದೇನೋ ಕೇಳಿದ್ದನಂತೆ, ನನಗೆ ಹೇಳಿರಲಿಲ್ಲ. ಕೊಟ್ಟೆ. ಮುಚ್ಚಳ ತೆಗೆದ. ಬಸ್ಸಾರು. ಬಿಸಿ ಇನ್ನೂ ಇತ್ತು, ಬೆಳ್ಳುಳ್ಳಿ ಮೆಣಸಿನ ವಾಸನೆ ಹಾಸಿಗೆಯ ಸುತ್ತ ಎದ್ದಿತು. ನಾನು ಕೈ ಮುಂದೆ ಮಾಡಿದೆ, ಎಲ್ಲಿ ಕುಡಿದುಬಿಡುತ್ತಾನೋ ಅಂತ. ಅವನು ಕಣ್ಣು ಮುಚ್ಚಿ ಎರಡು ಸಲ ಮೂಸಿದ. ಮುಚ್ಚಳ ಒತ್ತಿ ಹಾಕಿ ನನ್ನ ಕೈಗೆ ಕೊಟ್ಟ.

"ಬಿರ್ನೆ ಓಗಿ ಉಣ್ಣೋಗು. ಆರೋಯ್ತದೆ."